ಸಹಿ ಹಾಕಿದವರು ಒಮ್ಮೆ ಗುಂಡಿಗೆ ಇಳಿಯಲಿ

ಮಾನ್ಯರೇ,

ನಮ್ಮ ಅಡ್ಡರಸ್ತೆಯಲ್ಲಿ ಪಾಯದ ಗುಂಡಿಗೆ ಪಕ್ಕದ ಮನೆಯ ಕಾಂಪೌಂಡ್ ಕುಸಿದ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ಮಳೆಯಿಂದ ಕುಸಿಯಿತೆಂದು ಅಧಿಕಾರಿಗಳು ಹೇಳಿದ್ದಾರೆ. ಮಳೆಯ ತಲೆಗೆ ಕಟ್ಟಿದರೆ ಮುಗಿಯಿತೇ? ಜೆಸಿಬಿ ಒಂದೇ ದಿನದಲ್ಲಿ ಗಡಿಯುದ್ದಕ್ಕೂ ಆರಡಿ ಆಳ ನೇರವಾಗಿ ಕೊರೆದು ಹೋಯಿತು. ಪಕ್ಕದ ಕಾಂಪೌಂಡಿನ ಕಲ್ಲುಕಟ್ಟು ಇದ್ದದ್ದೇ ಎರಡಡಿ ಆಳಕ್ಕೆ. ಅದರ ಕೆಳಗಿನ ಮಣ್ಣಿಗೆ ಆಸರೆ ಎಲ್ಲಿ ಉಳಿಯಿತು? ಗಡಿಯ ಪಕ್ಕ ಒಂದು ಬಿಟ್ಟು ಒಂದು ಗುಂಡಿ ತೆಗೆಯಬೇಕು. ಫೂಟಿಂಗ್ (ಕಂಬದ ಅಡಿಯ ಕಾಂಕ್ರೀಟ್ ತಳ) ಹಾಕಿ, ಕಾಲಂ (ಕಂಬ) ಎಬ್ಬಿಸಿ, ಮಣ್ಣು ತುಂಬಿ ದಮ್ಮಸು ಹೊಡೆದ ಮೇಲೆ ಉಳಿದವುಗಳಿಗೆ ಕೈ ಹಾಕಬೇಕು. ಒಂದೂವರೆ ಮೀಟರ್ ದಾಟಿದರೆ ಹಲಗೆ ಹೊಂದಿಸಿ ಸರ್ವೆ ಮರದ ಆಧಾರ ಕೊಡಬೇಕು. ಇದು ಮೇಸ್ತ್ರಿಗೂ ಗೊತ್ತಿರುವ ಪಾಠ, ಹೇಳುವವರು ಸ್ಥಳದಲ್ಲಿರಲಿಲ್ಲ ಅಷ್ಟೆ.

ಆ ಮನೆಯ ಸಂಪು ಬಿರುಕು ಬಿಟ್ಟು ನೀರೆಲ್ಲ ಗುಂಡಿಗೆ ಹರಿದಿದೆ, ಮಣ್ಣು ಇನ್ನೂ ಸಡಿಲವಾಗುತ್ತಿದೆ. ನಾಲ್ಕು ದಿನದಿಂದ ಟ್ಯಾಂಕರ್ ನೀರೇ ಗತಿ. ಅಗೆದ ಮಣ್ಣು ರಸ್ತೆಯಲ್ಲಿ ರಾಶಿ ಬಿದ್ದಿರುವುದರಿಂದ ಆ ಟ್ಯಾಂಕರ್ ಕೂಡ ತಿರುವಿನಲ್ಲೇ ನಿಲ್ಲುತ್ತದೆ, ವಯಸ್ಸಾದವರು ಬಿಂದಿಗೆ ಹೊರುತ್ತಿದ್ದಾರೆ. ಕಸದ ಆಟೊ ಒಳಗೆ ಬರುವುದಿಲ್ಲ. ಎಂ ಸ್ಯಾಂಡ್ ಚರಂಡಿಗೆ ಇಳಿದು ಕೊಳಚೆ ಮನೆ ಬಾಗಿಲಿಗೆ ಬಂದಿದೆ. ರಾತ್ರಿ ಆಂಬುಲೆನ್ಸ್ ಬೇಕಾದರೆ ಯಾರನ್ನು ಕೇಳುವುದು?

2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯನ್ನು ಸ್ವಾಗತಿಸಿದವರಲ್ಲಿ ಸಿವಿಲ್ ಕೆಲಸ ಬಲ್ಲ ನಾವೂ ಇದ್ದೆವು. 50x80 ಅಡಿವರೆಗಿನ ನಿವೇಶನಕ್ಕೆ ನೋಂದಾಯಿತ ವಾಸ್ತುಶಿಲ್ಪಿಯೋ ಎಂಜಿನಿಯರೋ ನಕ್ಷೆ ಅಪ್‌ಲೋಡ್ ಮಾಡಿದರೆ ಆನ್‌ಲೈನಿನಲ್ಲೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ, ಕಡತ ಹಿಡಿದು ಮೇಜಿನಿಂದ ಮೇಜಿಗೆ ಅಲೆಯುವುದು ತಪ್ಪುತ್ತದೆ. ಸರಿಯಾದದ್ದೇ. ಆದರೆ ನಂಬಿಕೆ ಇಟ್ಟದ್ದು ಯಾರ ಮೇಲೆ? ಈ ಸೈಟಿನ ನಕ್ಷೆಗೆ ಸಹಿ ಹಾಕಿದವರ ಮುಖವನ್ನು ಬೀದಿಯವರು ಯಾರೂ ಕಂಡಿಲ್ಲ. 2025ರಲ್ಲಿ 1,200 ಚದರ ಅಡಿವರೆಗಿನ ನಿವೇಶನದ ನೆಲ ಮತ್ತು ಎರಡು ಮಹಡಿ ಮನೆಗೆ ಓಸಿಯೂ (ಕಟ್ಟಡ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ಬೇಡವೆಂದಾಯಿತು. ಓಸಿ ಇಲ್ಲದೆ ಕರೆಂಟು ನೀರು ಸಿಗದೆ ಒದ್ದಾಡಿದವರಿಗೆ ಅದು ದೊಡ್ಡ ಉಪಕಾರ, ಒಪ್ಪುತ್ತೇವೆ. ಹೇಗೂ ಬಣ್ಣ ಹೊಡೆದ ಮೇಲೆ ಬಂದು ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಜಾಗ) ಅಳೆಯುವವರಿಗೆ ಕಾಂಕ್ರೀಟ್ ಒಳಗಿನದು ಕಾಣುವುದಿಲ್ಲ.

ಕಾಣುವುದು ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿಯುವ ನಡುವಿನ ಅರ್ಧ ದಿನ ಮಾತ್ರ. ಅದೇ ಗುಂಡಿಯಲ್ಲಿ ಈಗ ನಿಂತಿರುವ ಕಾಲಂಗಳ ಕಬ್ಬಿಣವನ್ನು ನೋಡಿ: 9x12 ಇಂಚಿಗೆ 12 ಎಂಎಂನ ನಾಲ್ಕೇ ಸರಳು. ಕಾಲಂನ ಅಡ್ಡಕೊಯ್ತದಲ್ಲಿ ಕನಿಷ್ಠ 0.8 ಶೇಕಡಾ ಉಕ್ಕು ಇರಬೇಕೆಂಬುದು ಕಾಂಕ್ರೀಟ್ ಕೆಲಸದ ರಾಷ್ಟ್ರೀಯ ಮಾನದಂಡ ಐಎಸ್ 456ರ ನಿಯಮ. ನಾಲ್ಕು ಸರಳಿಗೆ ಬರುವುದು 452 ಚದರ ಎಂಎಂ, ಬೇಕಾದದ್ದು 552. 12 ಎಂಎಂನದೇ ಆದರೆ ಆರು ಸರಳು ಹಾಕಲೇಬೇಕು. ಸರಳುಗಳನ್ನು ಸುತ್ತಿ ಕಟ್ಟುವ ರಿಂಗುಗಳು ಒಂಬತ್ತು ಇಂಚಿಗೊಂದು. 12 ಎಂಎಂ ಸರಳಿಗೆ ಅವುಗಳ ಅಂತರ 192 ಎಂಎಂ, ಅಂದರೆ ಏಳೂವರೆ ಇಂಚು ದಾಟಬಾರದು. ಕಬ್ಬಿಣವನ್ನು ಅಂಚಿನಿಂದ ದೂರ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ಸಿಕ್ಕಿಸಿದ್ದಾರೆ. 50 ಎಂಎಂ ಕವರ್ (ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟ್ ಪದರ) ಇರಬೇಕಾದ ಫೂಟಿಂಗಿನ ಜಾಲರಿ ಕೆಸರಿನ ಮೇಲೇ ಮಲಗಿದೆ, ಕೆಳಗೆ ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್ ಹಾಸು) ಇಲ್ಲ. ಇನ್ನು ಕಾಂಕ್ರೀಟ್ ಕಲಸುವಾಗ ಸಿಮೆಂಟ್ ಮೂಟೆಗೆ 30 ಲೀಟರ್ ಮೀರಿ ನೀರು ಸುರಿದರೆ, ಏಳು ದಿನಕ್ಕೆ ಮೊದಲೇ ಚಾವಣಿಯ ಕೆಳಗಿನ ಆಸರೆಗಂಬ (ಪ್ರಾಪ್) ಬಿಚ್ಚಿದರೆ, ತಡೆಯುವವರು ಯಾರು? ಇದರ ಮೇಲೆ ಒಂದು ಕುಟುಂಬ ಮಕ್ಕಳನ್ನು ಮಲಗಿಸಬೇಕು.

ವಾರ್ಡ್ ಕಚೇರಿಗೆ ಹೋದರೆ ‘ಎಂಜಿನಿಯರ್ ಜವಾಬ್ದಾರಿ’ ಎನ್ನುತ್ತಾರೆ. ಕಳೆದ ವರ್ಷ ಇದೇ ರಸ್ತೆಯನ್ನು ಪೈಪಿಗಾಗಿ ಅಗೆದು ಹಾಗೇ ಬಿಟ್ಟಾಗ ‘ಗುತ್ತಿಗೆದಾರರ ಜವಾಬ್ದಾರಿ’ ಎಂದಿದ್ದರು. ಮೂಲೆಯ ಮ್ಯಾನ್‌ಹೋಲ್ ಉಕ್ಕಿದಾಗ ‘ಅದು ಬೇರೆ ಇಲಾಖೆ’. ಸಂಬಳ ತೆಗೆದುಕೊಳ್ಳುವುದು ಮಾತ್ರ ಯಾರ ಜವಾಬ್ದಾರಿ ಎಂದು ಇವರಿಗೆ ಚೆನ್ನಾಗಿ ಗೊತ್ತು.

ವಿನಾಯಿತಿ ಕೊಡುವುದಾದರೆ ಕೊಡಿ, ಆದರೆ ಪಾಯದ ದಿನ, ಪ್ರತಿ ಚಾವಣಿ ಮೋಲ್ಡಿನ ದಿನ ಸಹಿ ಹಾಕಿದವರು ಟೇಪು ಹಿಡಿದು ಬಂದು ಫೋಟೊ ಹಾಕುವಂತೆ ಮಾಡಿ. ಅದು ಆಗದಿದ್ದರೆ ವಿನಾಯಿತಿಯೇ ಬೇಡ. ಇಲ್ಲ, ಎರಡನ್ನೂ ಆಮೇಲೆ ನೋಡೋಣ. ಮೊದಲು ಯಾರಾದರೂ ಒಬ್ಬ ಅಧಿಕಾರಿ ಕುರ್ಚಿ ಬಿಟ್ಟೆದ್ದು ಬಂದು ಈ ರಸ್ತೆಯ ಮಣ್ಣು ತೆಗೆಸಲಿ, ಆ ಗುಂಡಿಯ ಸುತ್ತ ಒಂದು ಬೇಲಿಯನ್ನಾದರೂ ಕಟ್ಟಿಸಲಿ. ನಾಲ್ಕು ದಿನವಾಯಿತು, ಒಂದು ಕೆಂಪು ಪಟ್ಟಿಯನ್ನೂ ಕಟ್ಟಿಲ್ಲ. ನಾಚಿಕೆಯಾಗಬೇಕು.

– ನೊಂದ ನಿವಾಸಿಗಳು, ಬೆಂಗಳೂರು