ಕೂಗಿದ್ದು ಮೊದಲೋ, ಜಾರಿದ್ದು ಮೊದಲೋ

ಸಾಗರ ತಾಲ್ಲೂಕು
16 ಏಪ್ರಿಲ್ 2025, ಬುಧವಾರ

ಪ್ರೀತಿಯ ಕೂಸೇ,

ಸೋಮವಾರ ರಾತ್ರಿ ನಿನ್ನನ್ನು ತಾಳಗುಪ್ಪದ ರೈಲಿಗೆ ಹತ್ತಿಸಲು ಚಿಕ್ಕಪ್ಪ ಬಂದ, ನಾನು ಬರಲಿಲ್ಲ. ಅಪ್ಪ ಕೊಟ್ಟಿಗೆಯಲ್ಲಿ ಗೌರಿಗೆ ಹುಲ್ಲು ಹಾಕುತ್ತಿದ್ದಾರೆ ಎಂದು ನಿನಗೆ ಯಾರೋ ಹೇಳಿರಬಹುದು. ಅಷ್ಟು ಹೊತ್ತಿಗೆ ಗೌರಿಗೆ ಎರಡು ಸಲ ಹುಲ್ಲು ಬಿದ್ದಾಗಿತ್ತು. ಮೂರನೆಯ ಸಲ ಹಾಕಿದಾಗ ಅದು ಹುಲ್ಲನ್ನು ಬಿಟ್ಟು ನನ್ನ ಮುಖವನ್ನೇ ನೋಡಿತು.

ಫೋನಿನಲ್ಲಿ ಮಾತನಾಡಿದರೆ ಮತ್ತೆ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪರ್ವತ ಹತ್ತುವುದನ್ನು ಕಲಿಯಲು ಹಿಮಾಲಯದ ಉತ್ತರಕಾಶಿಗೆ ಹೋಗುತ್ತೇನೆ ಎಂದು ನೀನು ಹೇಳಿದ್ದಕ್ಕೆ ಅಂದು ಯಾರು ಏನು ಅಂದರು ಎಂಬುದನ್ನೆಲ್ಲ ಇಲ್ಲಿ ಎತ್ತುವುದಿಲ್ಲ. ನಮ್ಮಿಬ್ಬರಿಗೂ ನೆನಪಿದೆ, ಹಪ್ಪಳ ಒತ್ತುತ್ತಿದ್ದ ಹದಿನಾಲ್ಕು ಜನರಿಗೂ ನೆನಪಿದೆ. ನಿನ್ನ ಅತ್ತೆ ಹೊಸನಗರ ಮುಟ್ಟುವ ಮೊದಲೇ ಅರ್ಧ ಹೊಸನಗರಕ್ಕೆ ಸುದ್ದಿ ಮುಟ್ಟಿತ್ತು.

ಆದರೆ ಒಂದು ಮಾತಿಗೆ ಉತ್ತರ ಕೊಡಲೇಬೇಕು. ಮಾವಿನ ಮರದಿಂದ ಬಿದ್ದವಳಿಗೆ ಹಿಮಾಲಯ ಬೇಕಂತೆ ಎಂದು ನಾನು ಎಲ್ಲರ ಮುಂದೆ ಅಂದೆ, ನಿಜ. ಅದಕ್ಕೆ ನೀನು, "ನಾನು ಬಿದ್ದದ್ದಲ್ಲ ಅಪ್ಪ, ನೀನು ಬೀಳಿಸಿದ್ದು" ಎಂದೆ. ಉಳಿದದ್ದನ್ನೆಲ್ಲ ಮರೆತುಬಿಡಬಲ್ಲೆ. ಇದೊಂದು ಮಾತು ಎರಡು ರಾತ್ರಿಯಿಂದ ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆಯ ಚೂರಿನ ಹಾಗೆ ಕುಳಿತಿದೆ.

2007ರ ಮಾರ್ಚ್, ಯುಗಾದಿಯ ಹಿಂದಿನ ಭಾನುವಾರ. ಹಳ್ಳದ ದಂಡೆಯ ಅಪ್ಪೆಮಿಡಿ ಮರ, ಉಪ್ಪಿನಕಾಯಿಗೆ ಎಳೆ ಮಾವು ಕೊಯ್ಯುವ ಮರ. ನಿನಗೆ ಒಂಬತ್ತು ವರ್ಷ. ಮಿಡಿ ಕೊಯ್ಯುವವರು ಮೇಲಿನ ಕೊಂಬೆಯಲ್ಲಿದ್ದರು, ಹಗ್ಗಕ್ಕೆ ಕಟ್ಟಿದ ಬುಟ್ಟಿ ಅರ್ಧ ಇಳಿದಿತ್ತು. ನೀನು ಕೆಳಗಿನ ಕವಲಿನಲ್ಲಿ, ನೆಲದಿಂದ ಹನ್ನೆರಡು ಅಡಿ. ನಾನು ತೋಟದ ಕಡೆಯಿಂದ ಬಂದವನು ತಲೆ ಎತ್ತಿ ನೋಡಿದೆ. ಇಲ್ಲಿಯವರೆಗೆ ಎಲ್ಲರ ಕಥೆಯೂ ಒಂದೇ. ಮುಂದಿನ ಒಂದು ಕ್ಷಣದ ವಿಷಯದಲ್ಲಿ ಈ ಮನೆಯಲ್ಲಿ ಹದಿನೆಂಟು ವರ್ಷದಿಂದ ಎರಡು ಪಕ್ಷ. ನೀನು ಜಾರಿದ್ದನ್ನು ಕಂಡು ನಾನು "ಬೀಳುತ್ತೀಯ!" ಎಂದು ಕೂಗಿದೆ ಎಂಬುದು ನನ್ನ ಪಕ್ಷ. ನಾನು ಕೂಗಿದ್ದಕ್ಕೇ ನೀನು ಬೆಚ್ಚಿ ಜಾರಿದೆ ಎಂಬುದು ನಿನ್ನದು, ನಿನ್ನ ಅಮ್ಮನದು, ನಿನ್ನ ಅಜ್ಜಿಯದು, ಮತ್ತು ಆ ದಿನ ಊರಿನಲ್ಲೇ ಇರದಿದ್ದ ನಿನ್ನ ಸೋದರಮಾವನದು.

ದೇವರ ದಯೆಯಿಂದ ಮರದ ಬುಡದಲ್ಲಿ ದರಕಿನ, ಒಣಗಿದ ಎಲೆಯ, ರಾಶಿ ಇತ್ತು. ಎಡಗೈಯ ಮಣಿಕಟ್ಟಿಗೆ ಮುಗಿಯಿತು. ಆಸ್ಪತ್ರೆಯಲ್ಲಿ ನೀನು ಬಿಕ್ಕಿ ಬಿಕ್ಕಿ ಅತ್ತೆ. ನೋವಾಗುತ್ತಿದೆಯೇ ಎಂದು ವೈದ್ಯರು ಕೇಳಿದರೆ, ಬಲಗೈ ಮುರಿದಿದ್ದರೆ ಪರೀಕ್ಷೆ ಬರೆಯುವುದು ತಪ್ಪುತ್ತಿತ್ತು ಎಂದೆ. ನನಗೆ ನಗು ಬಂದಿತ್ತು. ಆದರೆ ಜೀಪಿನಲ್ಲಿ ಬರುವಾಗ ಮೊಣಕಾಲು ನಡುಗುತ್ತಿದ್ದದ್ದು ನಿಂತಿರಲಿಲ್ಲ. ಅದನ್ನು ಇಷ್ಟು ವರ್ಷ ಹೇಳಿರಲಿಲ್ಲ.

ಇರಲಿ. ನಿನ್ನನ್ನು ಹೊಗಳಬೇಕೆಂದೇ ಪತ್ರಕ್ಕೆ ಕುಳಿತವನು ನಾನು. ಈ ವರ್ಷ ಯುಗಾದಿಯೂ ಭಾನುವಾರ, ರಾಮನವಮಿಯೂ ಭಾನುವಾರ. ಎರಡು ರಜೆ ನಷ್ಟವಾಯಿತು ಎಂದು ಗೊಣಗುತ್ತಲೇ ನೀನು ಮೂರು ವಾರವೂ ಬಂದೆ, ಬರುವಾಗ ಒಬ್ಬಳೇ ಬರಲಿಲ್ಲ. ನಿನ್ನ ಅಜ್ಜಿ ಹೋದ ಮೇಲೆ ಈ ಜಗಲಿಯಲ್ಲಿ ಇಷ್ಟು ಚಪ್ಪಲಿ ಬಿದ್ದದ್ದನ್ನು ನಾನು ನೋಡಿರಲಿಲ್ಲ.

ಯುಗಾದಿಯ ಬೆಳಿಗ್ಗೆ ನಿನ್ನ ಕಚೇರಿಯ ಗೆಳತಿಗೆ ಬೇವು ಬೆಲ್ಲ ಕೊಟ್ಟಾಗ ಅವಳು ಅದನ್ನು ಪಲ್ಯವೆಂದು ತಿಳಿದು ಒಂದೇ ಬಾಯಿಗೆ ಹಾಕಿಕೊಂಡಳಲ್ಲ. ಕಣ್ಣಿನಲ್ಲಿ ನೀರು ತುಂಬಿಕೊಂಡು "ತುಂಬಾ ಚೆನ್ನಾಗಿದೆ" ಎಂದಳು. ನಿನ್ನ ಅಮ್ಮ ಹಿಗ್ಗಿ ಮತ್ತೊಂದು ಹಿಡಿ ಕೊಟ್ಟಳು. ಆ ಹುಡುಗಿ ಅದನ್ನೂ ತಿಂದಳು! ವಿಶ್ವಾವಸು ಸಂವತ್ಸರದ ಕಹಿಯಲ್ಲಿ ನಮ್ಮ ಪಾಲಿನದ್ದನ್ನೂ ಅವಳೇ ಮುಗಿಸಿದಳು ಎಂದುಕೊಂಡಿದ್ದೆ. ಸ್ವಲ್ಪ ಉಳಿದಿತ್ತು ಎಂದು ಸೋಮವಾರ ತಿಳಿಯಿತು.

ರಾಮನವಮಿಗೆ ದೇವಸ್ಥಾನದ ಪಾನಕಕ್ಕೆ ಕಾಳುಮೆಣಸನ್ನು ನಾನೂ ಹಾಕಿದೆ, ನನಗೆ ತಿಳಿಯದಂತೆ ಚಿಕ್ಕಮ್ಮನೂ ಹಾಕಿದ್ದಳು. ಭಜನೆಯವರ ಗಂಟಲು ಎಂದೂ ಅಷ್ಟು ತೆರೆದುಕೊಂಡಿರಲಿಲ್ಲ. ಇದರಲ್ಲಿ ನನ್ನದು ಅರ್ಧ ತಪ್ಪು ಮಾತ್ರ.

ಕಾರಿನ ವಿಷಯ ಬರೆಯಬಾರದೆಂದಿದ್ದೆ, ಬರೆದೇ ಬಿಡುತ್ತೇನೆ. ನಿನ್ನ ಗೆಳೆಯರ ಕಾರು ಹಳ್ಳ ದಾಟುವಾಗ ಮರಳಿನಲ್ಲಿ ಹೂತುಕೊಂಡಿತು. ಚಕ್ರದ ಅಡಿಗೆ ಅಡಿಕೆ ಹಾಳೆ ಕೊಟ್ಟರೆ ಹಾಳೆ ಹಾರಿತು, ಕಾರು ಅಲ್ಲಾಡಲಿಲ್ಲ. ಕೊನೆಗೆ ಪಕ್ಕದ ಮನೆಯ ಟ್ರ್ಯಾಕ್ಟರ್ ಬಂದು ಎಳೆಯಿತು. ಅವರೆಲ್ಲ ನಕ್ಕರು, ಫೋಟೊ ತೆಗೆದರು. ಆದರೆ ಕಾರು ಓಡಿಸುತ್ತಿದ್ದ ಹುಡುಗ ಕೈ ತೊಳೆಯುವಾಗ ಮೆಲ್ಲಗೆ ಒಂದು ಮಾತು ಹೇಳಿದ: "ಅಂಕಲ್, ನಾನು ಸರಿಯಾಗಿಯೇ ಬರುತ್ತಿದ್ದೆ. ನೀವು ದಂಡೆಯಿಂದ ಎಡಕ್ಕೆ, ಎಡಕ್ಕೆ ಎಂದು ಕೂಗಿದಿರಲ್ಲ, ಗಾಬರಿಯಾಯಿತು." ಅದನ್ನು ನಿನ್ನ ಅಮ್ಮ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ನನ್ನ ಕಡೆಗೆ ನೋಡಿ ಟವೆಲ್ ಕೊಟ್ಟು ಹೋದಳು.

ಮತ್ತೆ ಮರದ ಹತ್ತಿರಕ್ಕೇ ಬಂದೆ ನೋಡು.

ನಾನು ನಿಂತಿದ್ದ ಜಾಗದಿಂದ ಮರಕ್ಕೆ ಇಪ್ಪತ್ತೆರಡು ಹೆಜ್ಜೆ. ನಿನ್ನೆ ಬೆಳಿಗ್ಗೆ ಹೋಗಿ ಅಳೆದೆ. ಅಷ್ಟು ದೂರದಿಂದ ನಿನ್ನ ಕಾಲು ಕಾಣುತ್ತಿತ್ತೇ? ನಿನ್ನ ಹಳದಿ ಲಂಗ ಕಾಣುತ್ತಿತ್ತು. ಕಾಲು ಜಾರಿದ್ದನ್ನು ಕಂಡೆ ಎಂದು ಹದಿನೆಂಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿನ್ನೆ ಅಲ್ಲಿ ನಿಂತಾಗ ಅಷ್ಟು ಧೈರ್ಯದಿಂದ ಹೇಳಲಾಗಲಿಲ್ಲ. ಆದರೆ ಕೊಂಬೆ ಈಗ ದಪ್ಪವಾಗಿದೆ, ಮರೆಯೂ ಹೆಚ್ಚಾಗಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನೆಗೆ ಬಂದು ಮೆತ್ತಿಗೆ ಹತ್ತಿ 2007ರ ಲೆಕ್ಕದ ಪುಸ್ತಕ ಹುಡುಕಿದೆ. ನಾನು ಎಲ್ಲವನ್ನೂ ಬರೆದಿಡುವವನು ಎಂದು ನೀವೆಲ್ಲ ನಗುತ್ತೀರಿ. ಸಿಕ್ಕಿತು. ಆ ಭಾನುವಾರದ ಪುಟದಲ್ಲಿ ಆಸ್ಪತ್ರೆಯ ಖರ್ಚು, ಜೀಪಿನ ಬಾಡಿಗೆ, ನಿನಗೆ ಕೊಡಿಸಿದ ಐಸ್‌ಕ್ರೀಮ್ ಎಲ್ಲ ಇವೆ. ಕೆಳಗೆ ಇನ್ನೊಂದು ಸಾಲು: ಮಿಡಿ ಒಂದು ಬುಟ್ಟಿ ನೆಲಕ್ಕೆ ಬಿದ್ದು ನಷ್ಟ, ಕೂಲಿಯಲ್ಲಿ ಕಳೆದದ್ದು 80 ರೂಪಾಯಿ. ಇದು ನನಗೆ ಪೂರ್ತಿ ಮರೆತೇಹೋಗಿತ್ತು. ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ನಿಲ್ಲುವುದಿಲ್ಲ, ಒಂದು ಕೊಳೆತರೆ ಜಾಡಿಯೇ ಹೋಯಿತು, ಅದು ನಿನಗೂ ಗೊತ್ತು. ಆದರೆ ಬುಟ್ಟಿ ಬಿದ್ದದ್ದು ಯಾಕೆ? ಮರ ಹತ್ತಿದ್ದವರು ನಲವತ್ತು ವರ್ಷ ಮಿಡಿ ಕೊಯ್ದವರು. ಅವರ ಕೈಯಿಂದ ಬುಟ್ಟಿ ಜಾರಿದ್ದನ್ನು ಯಾರೂ ಕಂಡಿಲ್ಲ.

ಸಂಜೆ ಅವರ ಮನೆಗೆ ಹೋದೆ. ಈಗ ಮರ ಹತ್ತುವುದಿಲ್ಲ, ಕಣ್ಣಿಗೆ ಪೊರೆ ಬಂದಿದೆ. ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಎಲೆ ಅಡಿಕೆಯ ಕವಳದ ತಟ್ಟೆ ಮುಂದಿಟ್ಟರು. ಊರಿನ ಮಾತೆಲ್ಲ ಮುಗಿದ ಮೇಲೆ ಆ ದಿನದ್ದನ್ನು ಕೇಳಿದೆ. ಅವರು ಯೋಚಿಸಲೂ ಇಲ್ಲ.

"ನೀವು ಕೂಗಿದಿರಲ್ಲ. ಅದಕ್ಕೆ ನಾನೇ ಬೆಚ್ಚಿದೆ, ಹಗ್ಗ ಕೈ ಬಿಟ್ಟಿತು. ಬುಟ್ಟಿ ಹೋಯಿತಲ್ಲ ಎಂದು ಕೆಳಗೆ ನೋಡಿದೆ. ಕೂಸು ಜಾರಿದ್ದು ಆಮೇಲೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ನೀವು ಕೇಳಲಿಲ್ಲ, ಕೂಲಿ ಹಿಡಿದಿರಿ, ಇನ್ನು ಹೇಳುವುದು ಏನು ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದೇ ಕಷ್ಟವಾದದ್ದು. 80 ರೂಪಾಯಿಗೆ ಬಡ್ಡಿ ಸೇರಿಸಿ 500 ಕೊಡಲು ಹೋದರೆ ಬೇಡವೆಂದರು. ಬರುವ ವರ್ಷ ಒಂದು ಜಾಡಿ ಮಿಡಿ ಕಳಿಸಿ ಎಂದರು.

ಹಾಗಾದರೆ ಕೂಸೇ, ಕೂಗಿದ್ದೇ ಮೊದಲು. ತಪ್ಪು ನನ್ನದು. ಬರೆದು ಕೊಟ್ಟಿದ್ದೇನೆ, ಇಟ್ಟುಕೋ. ಆದರೂ ಆ ಕೊಂಬೆ ಸ್ವಲ್ಪ ಒಣಗಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಉತ್ತರಕಾಶಿ. ಇಪ್ಪತ್ತೆಂಟು ದಿನದ ತರಬೇತಿ, ಒಂದು ವರ್ಷ ಕಾದು ಸಿಕ್ಕ ಜಾಗ, ನಿನ್ನದೇ ದುಡ್ಡು, ನಿನ್ನದೇ ರಜೆ. ಇದೆಲ್ಲ ಸರಿ. ನಾನು ಮೊಬೈಲಿನಲ್ಲಿ ಓದಬಾರದ್ದನ್ನು ಓದಿದೆ. 2022ರ ಅಕ್ಟೋಬರ್ 4ರಂದು ಅದೇ ಸೀಮೆಯ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮ ಕುಸಿದು ಇಪ್ಪತ್ತಕ್ಕೂ ಹೆಚ್ಚು ಜನ ಹೋದರು, ಹೆಚ್ಚಿನವರು ನಿನ್ನ ಹಾಗೆ ಕಲಿಯಲು ಹೋದವರೇ. ಇದು ನಿನಗೆ ಗೊತ್ತಿಲ್ಲದ ವಿಷಯವಲ್ಲ. ನಾನು ಹತ್ತಿದ ಅತಿ ಎತ್ತರದ ಜಾಗ ಕೊಡಚಾದ್ರಿ, 1,343 ಮೀಟರ್, ಅದೂ ಜೀಪಿನಲ್ಲಿ. ನೀನು ಹೋಗುವಲ್ಲಿ ಅದರ ಮೂರು ಪಟ್ಟು, ನಾಲ್ಕು ಪಟ್ಟು. ನನ್ನ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಕೇಳಬೇಡ. ನಿನ್ನ ಅಮ್ಮನಿಗೆ ಇದನ್ನು ಹೇಳಿದೆ. "ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಹತ್ತಿದವರು, ಉತ್ತರಕಾಶಿಯ ಕಡೆಯವರೇ. ಅವರಿಗೂ ಒಬ್ಬ ಅಪ್ಪ ಇದ್ದಿರಬೇಕು" ಎಂದು ಒಗ್ಗರಣೆ ಹಾಕಲು ಹೋದಳು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಮೇಲೂ ಇವಳಿಗೆ ಏನೇನು ಗೊತ್ತಿದೆ ಎಂಬುದು ನನಗೆ ಗೊತ್ತಿಲ್ಲ.

ಬುದ್ಧಿ ಹೇಳುವುದಿಲ್ಲ. ಎರಡೇ ಮಾತು. ಬೇರೆಯವರು ಕಟ್ಟಿದ ಗಂಟನ್ನು ನೀನೇ ಒಮ್ಮೆ ಎಳೆದು ನೋಡು. ನಿನ್ನೆ ಅವರ ಅಂಗಳದಲ್ಲಿ ಕೇಳಿದ ಮಾತು ಇದು, ನನ್ನದಲ್ಲ. ಹತ್ತುವಾಗ ಯಾರೂ ಬೀಳುವುದಿಲ್ಲವಂತೆ, ಇಳಿಯುವಾಗ ಮನೆಯ ನೆನಪಾಗಿ ಅವಸರ ಮಾಡುವವರು ಬೀಳುತ್ತಾರಂತೆ. ಆದ್ದರಿಂದ ಅಲ್ಲಿರುವಾಗ ಮನೆಯನ್ನು ಹೆಚ್ಚು ನೆನಸಬೇಡ. ಹೊಸ ಬೂಟು ಇಲ್ಲೇ ಹಾಕಿಕೊಂಡು ಹದಿನೈದು ದಿನ ನಡೆ, ಅಲ್ಲಿಗೆ ಹೋಗಿ ಗುಳ್ಳೆ ಎಬ್ಬಿಸಿಕೊಳ್ಳಬೇಡ. ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಡುವ ನಿನ್ನ ಚಾಳಿ ಅಲ್ಲಿ ನಡೆಯುವುದಿಲ್ಲ. ವಿಮೆ ಮಾಡಿಸಿದ್ದೀಯಾ? ತಲೆನೋವು ಬಂದರೆ ಮುಚ್ಚಿಡಬೇಡ, ಎತ್ತರದಲ್ಲಿ ತಲೆನೋವು ಸಣ್ಣ ವಿಷಯವಲ್ಲ. ಎಲ್ಲರೂ ಮುಂದೆ ಹೋದರು ಎಂಬ ನಾಚಿಕೆಗೆ ಹೆಜ್ಜೆ ಇಡಬೇಡ. ಮಾತು ಎರಡಕ್ಕಿಂತ ಹೆಚ್ಚಾಯಿತು ಎಂದು ಗೊತ್ತು. ಇನ್ನೊಂದು ಉಳಿದಿದೆ: ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಬೇಕು, ಎರಡು ಸಾಲದು.

ಹಪ್ಪಳದ ಸುದ್ದಿ ಹೇಳುವುದು ಬಿಟ್ಟೇಹೋಯಿತು. ಐದು ನೂರು ಒತ್ತಬೇಕೆಂದು ಅಷ್ಟು ಹಲಸಿನಕಾಯಿ ಇಳಿಸಿದ್ದು. ಮಕ್ಕಳು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಿಟ್ಟನ್ನೇ ನುಂಗಿದ್ದರಿಂದ ನಾನೂರ ಹನ್ನೆರಡಕ್ಕೆ ನಿಂತಿತು. ನಾವಿಬ್ಬರೂ ಕೂಗಾಡುತ್ತಿರುವಾಗಲೇ ಮಳೆ ಬಂದದ್ದು ನೆನಪಿದೆಯಲ್ಲ? ಜಗಳವನ್ನು ಅರ್ಧಕ್ಕೆ ಬಿಟ್ಟು ಎಲ್ಲರೂ ಚಾಪೆ ಎತ್ತಲು ಓಡಿದೆವು. ನೀನು ಒಂದು ತುದಿ ಹಿಡಿದೆ, ನಾನು ಇನ್ನೊಂದು ತುದಿ. ಒಂದು ಹಪ್ಪಳವೂ ಬೀಳದ ಹಾಗೆ ಜಗಲಿಗೆ ತಂದು ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡಿದೆವು. ನಿನ್ನ ಚಿಕ್ಕಪ್ಪನ ಮಗ ಅದನ್ನು ಚಿತ್ರೀಕರಿಸಲು ಹೋದನಂತೆ. ಕೈಯಲ್ಲಿದ್ದ ಹಲಸಿನ ಮೇಣಕ್ಕೆ ಮೊಬೈಲ್ ಅಂಟಿ ಗುಂಡಿ ಒತ್ತಲಾಗಲಿಲ್ಲ. ಮೇಣಕ್ಕೆ ನಾನು ಇದೇ ಮೊದಲ ಸಲ ಕೃತಜ್ಞನಾದದ್ದು.

ನೆನೆದ ಹಪ್ಪಳ ಒಂದಕ್ಕೊಂದು ಅಂಟಿಕೊಂಡಿದ್ದವು. ನಿನ್ನೆ, ಇಂದು ಎರಡು ಬಿಸಿಲು ಕಂಡಿವೆ. ಅಮ್ಮ ಮತ್ತು ನಾನು ಕುಳಿತು ಬಿಡಿಸಿದ್ದೇವೆ. ಆಕಾರ ಕೇಳಬೇಡ, ಕರಿದರೆ ಅರಳುತ್ತವೆ, ನೋಡಿದ್ದೇನೆ.

ಶನಿವಾರ ನಿನ್ನ ಸೋದರಮಾವ ಬೆಂಗಳೂರಿಗೆ ಬರುತ್ತಾನೆ. ಹಪ್ಪಳವನ್ನೂ, ಹೋದ ವರ್ಷದ ಮಿಡಿ ಉಪ್ಪಿನಕಾಯಿಯನ್ನೂ, ನೀನು ಬಿಟ್ಟುಹೋದ ಚಾರ್ಜರನ್ನೂ, ಈ ಪತ್ರವನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ. ಪತ್ರಕ್ಕೆ ಅಂಟು ಹಾಕಿದ್ದೇನೆ, ಅವನು ಓದಿದರೆ ಗೊತ್ತಾಗುತ್ತದೆ. ಹಪ್ಪಳ ಎಪ್ಪತ್ತೈದು ಇರಬೇಕು. ಕಡಿಮೆ ಇದ್ದರೆ ಅವನನ್ನೇ ಕೇಳು. ರೈಲಿನಲ್ಲಿ ಹಸಿ ಹಪ್ಪಳ ತಿನ್ನುವ ಮನುಷ್ಯ ಅವನು.

ಉತ್ತರಕಾಶಿಗೆ ಹೊರಡುವ ದಿನ ತಿಳಿಸು. ಬೆಂಗಳೂರಿಗೆ ಬಂದು ರೈಲು ಹತ್ತಿಸುತ್ತೇನೆ. ಪ್ಲಾಟ್‌ಫಾರ್ಮಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಅವಳೂ ಜೊತೆಗೆ ಬರುತ್ತಾಳಂತೆ, ನಂಬಿಕೆ ಇಲ್ಲ.

ನಿನ್ನ
ಅಪ್ಪ