ಡಿಸೆಂಬರಿನ ಸೂರ್ಯನ ಕುದುರೆ ಮರಿಯನ್ನು ಗಿಡದಲ್ಲೇ ಬಿಡಿ

ಸಂಪಾದಕರೇ,

ಮಳೆಗಾಲ ಮುಗಿದ ಮೇಲೆ ದಾಸವಾಳದಲ್ಲೋ ಕರಿಬೇವಿನಲ್ಲೋ ಪುಟ್ಟ ಸೂರ್ಯನ ಕುದುರೆ, ಅಂದರೆ ಪ್ರೇಯಿಂಗ್ ಮ್ಯಾಂಟಿಸ್, ಕಂಡರೆ ಈಗ ಎಲ್ಲರೂ ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಸಿಗುವುದು ಜಾಸ್ತಿ ಅಮೆರಿಕದ ಮಾತು. ಅಲ್ಲಿ ಚಳಿಗೆ ದೊಡ್ಡವು ಸಾಯುತ್ತವೆ, ಮೊಟ್ಟೆಗೂಡು ಮಾತ್ರ ಉಳಿಯುತ್ತದೆ, ಹಾಗಾಗಿ ತಡವಾಗಿ ಕಂಡ ಮರಿ ಬದುಕುವುದು ಕಷ್ಟ, ಒಳಗೆ ತಂದು ಸಾಕಿ ಅಂತ ಬರೆದಿರುತ್ತಾರೆ. ಅದನ್ನು ನಂಬಿ ಮೈಸೂರಿನಲ್ಲಿ ಯಾಕೆ ಮರಿಯನ್ನು ಡಬ್ಬಿಗೆ ಹಾಕಬೇಕು? ನಮ್ಮಲ್ಲಿ ಹಿಮ ಬೀಳುವುದಿಲ್ಲ, ಡಿಸೆಂಬರಿನಲ್ಲೂ ನೊಣ, ಜಿಗಿಹುಳ ಸಿಗುತ್ತವೆ, ಅದು ಗಿಡದಲ್ಲೇ ಬೆಳೆಯುತ್ತದೆ.

ಡಬ್ಬಿಯಲ್ಲಿ ಇನ್ನೊಂದು ತೊಂದರೆ ಇದೆ. ಪೊರೆ ಬಿಡುವಾಗ ಮರಿ ಕಡ್ಡಿಗೆ ತಲೆಕೆಳಗಾಗಿ ನೇತಾಡುತ್ತದೆ, ಬೆನ್ನ ಮೇಲೆ ಸೀಳು ಬಿಟ್ಟು ಮೆತ್ತಗಿನ ಮೈ ನಿಧಾನವಾಗಿ ಕೆಳಗೆ ಜಾರುತ್ತದೆ, ಕಾಲುಗಳು ಒಂದೊಂದಾಗಿ ಹಳೇ ಚರ್ಮದಿಂದ ಈಚೆ ಬರುತ್ತವೆ. ಜಾಗ ಸಾಲದಿದ್ದರೆ, ಯಾರಾದರೂ ಮುಟ್ಟಿದರೆ, ಬಿದ್ದು ಕಾಲು ಸೊಟ್ಟಗಾಗುತ್ತದೆ. ಆಮೇಲೆ ಬೇಟೆ ಆಡಲು ಆಗುವುದಿಲ್ಲ, ಪಾಪ.

ಇನ್ನು ಹೆಸರು. ಒಣ ಕಡ್ಡಿಯಂತೆ ಸಣಕಲು, ಉದ್ದ ಕುತ್ತಿಗೆ, ಕಾಲಿಗೆ ಎಲೆಯಂಥ ಅಂಚು ಇದ್ದರೆ ವಯಲಿನ್ ಮ್ಯಾಂಟಿಸ್, ಅದು ಮರಿಯಲ್ಲೇ ಗೊತ್ತಾಗುತ್ತದೆ. ಹಸಿರು ಮರಿಗಳೇ ಕಷ್ಟ. ನಮ್ಮ ಹಿತ್ತಲಿನಲ್ಲಿ ಕಾಣುವ ಹೈರೋಡ್ಯೂಲಾ ಅನ್ನುವ ದಪ್ಪ ಹಸಿರು ಸೂರ್ಯನ ಕುದುರೆಯನ್ನು ಗುರುತಿಸಲು ಮುಂದಿನ ರೆಕ್ಕೆಯ ಅಂಚಿನ ಬಿಳಿ ಚುಕ್ಕೆ ನೋಡುತ್ತಾರೆ, ಮರಿಗೆ ರೆಕ್ಕೆಯೇ ಇರುವುದಿಲ್ಲ ಅಲ್ವಾ! ಬೆನ್ನ ಮೇಲೆ ಮೊಗ್ಗಿನಂಥ ಚಿಕ್ಕ ರೆಕ್ಕೆ ಎದ್ದಿದ್ದರೆ ದೊಡ್ಡದಾಗಲು ಇನ್ನು ಸ್ವಲ್ಪವೇ ಬಾಕಿ ಅಂತ ಮಾತ್ರ ಹೇಳಬಹುದು. ಬರೀ ಮೇಲಿಂದ ತೆಗೆದ ಒಂದು ಫೋಟೊ ನೋಡಿ ಆ್ಯಪ್ ಕೊಟ್ಟ ಹೆಸರನ್ನು ಸುಮ್ನೆ ಒಪ್ಪಬೇಡಿ. ಪಕ್ಕದಿಂದ ಒಂದು, ಮುಖದ್ದೊಂದು, ಮುಳ್ಳಿನ ಮುಂಗಾಲಿನ ಒಳಭಾಗದ್ದೊಂದು ತೆಗೆಯಿರಿ. ಅದೇ ಗಿಡದಲ್ಲಿ ಬಿಟ್ಟರೆ ರೆಕ್ಕೆ ಬಂದ ಮೇಲೆ ಮತ್ತೆ ನೋಡುವ ಅವಕಾಶವೂ ಇರುತ್ತದೆ.

ಪತ್ರಿಕೆಗೆ ನನ್ನದೊಂದು ಕೋರಿಕೆ. ಓದುಗರು ಕಳಿಸಿದ ಹುಳುಗಳ ಫೋಟೊ ಹಾಕುವಾಗ ತಾರೀಕು, ಊರು, ಯಾವ ಗಿಡ ಅನ್ನುವುದನ್ನೂ ಹಾಕಿ. ಹೆಸರು ಖಾತ್ರಿ ಇಲ್ಲದಿದ್ದರೆ ‘ಸೂರ್ಯನ ಕುದುರೆ ಮರಿ’ ಅಂದರೆ ಸಾಕು.

– ಓದುಗ, ಮೈಸೂರು