ಕ್ಲಿಕ್ ಅಂದಾಗ ಕಾಣದೆ ಹೋದದ್ದು

ಪ್ರೀತಿಯ ಪುಟ್ಟಿ,

ನಿನ್ನ ಮೊದಲ ಕ್ಯಾಮೆರಾ ಯಾವುದಮ್ಮಾ, ಅದು ಇನ್ನೂ ಕೆಲಸ ಮಾಡುತ್ತಾ, ನಾನು ಬಳಸಬಹುದಾ ಅಂತ ಕೇಳಿದ್ದೆಯಲ್ಲ. ಅದರ ಹೆಸರು ಪೆಂಟ್ಯಾಕ್ಸ್ ಕೆ1000. ಚೆನ್ನಾಗಿ ಕೆಲಸ ಮಾಡುತ್ತದೆ. ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ, ಇನ್ನು ಮೇಲೆ ಅದು ನಿನ್ನದು. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಈ ಕ್ಯಾಮೆರಾ ಬಗ್ಗೆ ನಿನಗೆ ಹೇಳಲೇಬೇಕಾದ ಒಂದು ವಿಷಯ ಇದೆ. ಅದನ್ನು ನಿಧಾನವಾಗಿ ಬರೆಯಬೇಕು ಅನ್ನಿಸಿತು.

ಕೈಗೆ ತಗೊಂಡ ಕೂಡಲೇ ಅದರ ಭಾರ ಗೊತ್ತಾಗುತ್ತದೆ. ಲೆನ್ಸ್ ಬಿಟ್ಟು ಬರೀ ಬಾಡಿಯೇ 600 ಗ್ರಾಂಗಿಂತ ಜಾಸ್ತಿ. ಈ ಮಾಡೆಲ್ ಬಂದದ್ದು 1976ರಲ್ಲಿ. 1997ರ ತನಕ ಹೆಚ್ಚೇನೂ ಬದಲಾಗದೆ ತಯಾರಾಗುತ್ತಲೇ ಇತ್ತು. ಆ ಹೊತ್ತಿಗೆ ಬೇರೆ ಕ್ಯಾಮೆರಾಗಳು ತಾವೇ ಫೋಕಸ್ ಮಾಡುತ್ತಿದ್ದವು, ತಾವೇ ರೀಲು ಸುತ್ತಿಕೊಳ್ಳುತ್ತಿದ್ದವು. ಇದರಲ್ಲಿ ಎಲ್ಲವನ್ನೂ ನಾವೇ ಮಾಡಬೇಕು. ಫೋಟೊಗ್ರಫಿ ಕಲಿಯುವವರಿಗೆ ಇದನ್ನೇ ತಗೊಳ್ಳಿ ಅಂತ ಹೇಳುತ್ತಿದ್ದುದೂ ಅದಕ್ಕೇ.

ನಾನು ಕೊಂಡಾಗಲೇ ಅದು ಒಬ್ಬರು ಬಳಸಿದ ಕ್ಯಾಮೆರಾ. ತಳದಲ್ಲಿ ಒಂದು ಸಣ್ಣ ತಗ್ಗಿದೆ ನೋಡು, ಅದು ನನಗಿಂತ ಮುಂಚಿನದು. ನನ್ನ ದುಡಿಮೆಯಲ್ಲಿ, ಮನೆಗೆ ಅಂತ ಅಲ್ಲದೆ ನನಗೇ ಅಂತ ಕೊಂಡ ಮೊದಲ ವಸ್ತು ಅದು. ಅಲ್ಲಿಯ ತನಕ ಫೋಟೊ ಅಂದರೆ ಬೇರೆಯವರು ಹೇಳಿದ ಕಡೆ ಹೋಗಿ ನಿಲ್ಲುವುದು. ಇಲ್ಲಿ ನಿಲ್ಲು, ಸ್ವಲ್ಪ ಆ ಕಡೆ ತಿರುಗು, ನಗು. ಕ್ಯಾಮೆರಾ ನನ್ನ ಕೈಗೆ ಬಂದ ದಿನ ಎಲ್ಲರೂ ನನ್ನ ಕಡೆ ತಿರುಗಿದರು. ಆ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಈಗ ಆ ವಿಷಯಕ್ಕೆ ಬರುತ್ತೇನೆ. ಲೆನ್ಸ್ ಬಿಚ್ಚಿ ಒಳಗೆ ನೋಡು. ಓರೆಯಾಗಿ ನಿಂತಿರುವ ಒಂದು ಕನ್ನಡಿ ಕಾಣುತ್ತದೆ. ಬೆರಳು ತಾಗಿಸಬೇಡ, ಸುಮ್ನೆ ನೋಡು. ಲೆನ್ಸಿನಿಂದ ಬಂದ ಬೆಳಕು ಆ ಕನ್ನಡಿಗೆ ಬಿದ್ದು ಮೇಲಕ್ಕೆ ಹೋಗುತ್ತದೆ. ಕ್ಯಾಮೆರಾದ ನೆತ್ತಿಯ ಉಬ್ಬಿನಲ್ಲಿ ಒಂದು ಪ್ರಿಸ್ಮ್ ಇದೆ, ಅದನ್ನು ಹಾದು ನಿನ್ನ ಕಣ್ಣಿಗೆ ಬರುತ್ತದೆ. ಹಾಗಾಗಿ ಲೆನ್ಸಿಗೆ ಏನು ಕಾಣುತ್ತದೋ ನಿನಗೂ ಅದೇ ಕಾಣುತ್ತದೆ. ಆದರೆ ಫಿಲ್ಮ್ ಇರುವುದು ಕನ್ನಡಿಯ ಹಿಂದೆ. ಫಿಲ್ಮಿನ ಮೇಲೆ ಬೆಳಕು ಬೀಳಬೇಕಾದರೆ ಕನ್ನಡಿ ದಾರಿ ಬಿಡಬೇಕು. ನೀನು ಬಟನ್ ಒತ್ತುತ್ತೀಯ, ಕನ್ನಡಿ ಮೇಲಕ್ಕೆ ಹಾರುತ್ತದೆ, ನಿನ್ನ ಕಣ್ಣ ಮುಂದೆ ಕತ್ತಲು. ಆ ಕತ್ತಲಲ್ಲೇ ಶಟರ್, ಅಂದರೆ ಫಿಲ್ಮಿನ ಮುಂದಿನ ಪರದೆ, ತೆರೆದು ಮುಚ್ಚುತ್ತದೆ. ಕನ್ನಡಿ ಕೆಳಗೆ ಬರುತ್ತದೆ, ಮತ್ತೆ ಎಲ್ಲ ಕಾಣುತ್ತದೆ.

ಇದೆಲ್ಲ ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆದರೂ ಯೋಚಿಸು. ಬಟನ್ ಒತ್ತುವ ಮುಂಚಿನದನ್ನು ನೀನು ನೋಡಿರುತ್ತೀಯ. ಒತ್ತಿದ ಮೇಲಿನದನ್ನೂ ನೋಡಿರುತ್ತೀಯ. ಫಿಲ್ಮಿನ ಮೇಲೆ ಉಳಿದದ್ದನ್ನು ಮಾತ್ರ ನೋಡಿರುವುದಿಲ್ಲ. ಈ ಕ್ಯಾಮೆರಾದಲ್ಲಿ ನಾನು ತೆಗೆದ ಒಂದೊಂದು ಫೋಟೊವೂ ನಾನು ನೋಡದೆ ಇದ್ದ ಕ್ಷಣದ್ದು.

ಇದು ನನಗೆ ಮೊದಲ ಸಲ ಗೊತ್ತಾದದ್ದು ನಿನ್ನ ಅಜ್ಜಿಯ ಫೋಟೊದಿಂದ. ಅಜ್ಜಿಗೆ ನಗುವಾಗ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಇತ್ತು, ನಿನಗೂ ನೆನಪಿರಬೇಕು. ನಗು ಬರುವುದು, ಕೈ ಬಾಯಿಗೆ ಹೋಗುವುದು, ಎರಡೂ ಒಟ್ಟಿಗೇ ಆಗುತ್ತವೆ ಅಂತಲೇ ನಾನು ಅಂದುಕೊಂಡಿದ್ದೆ. ಒಂದು ದಿನ ಅವಳ ತಂಗಿ ಏನೋ ಹೇಳಿದಳು, ನಾನು ಬಟನ್ ಒತ್ತಿದೆ. ಕನ್ನಡಿ ಕೆಳಗಿಳಿದಾಗ ಕೈ ಬಾಯಿಯ ಮೇಲಿತ್ತು. ಪ್ರಿಂಟ್ ಬಂದಾಗ ನೋಡಿದರೆ ಕೈ ಇನ್ನೂ ಗಲ್ಲದ ಕೆಳಗೇ ಇದೆ. ಬಾಯಿ ತುಂಬ ನಗು. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ನನ್ನ ಅಮ್ಮನ ಆ ನಗುವನ್ನು ಅಷ್ಟು ವರ್ಷ ಜೊತೆಗಿದ್ದ ನಾನು ನೋಡಿರಲಿಲ್ಲ. ಅವಳಂತೂ ನೋಡುವುದು ಸಾಧ್ಯವೇ ಇರಲಿಲ್ಲ. ಆ ಫೋಟೊ ಹಿಡಿದುಕೊಂಡು ಇದು ನಾನಾ ಅಂತ ಕೇಳಿದಳು. ಆಮೇಲೆ ಅದನ್ನು ಯಾರಿಗೂ ಕೊಡದೆ ತನ್ನ ಹತ್ತಿರವೇ ಇಟ್ಟುಕೊಂಡಳು.

ಇನ್ನೊಂದು ನಿನ್ನದೇ. ನೀನು ಸೋಪಿನ ಗುಳ್ಳೆ ಊದುತ್ತಿದ್ದೆ. ಒಂದು ದೊಡ್ಡ ಗುಳ್ಳೆ ಕೊಳವೆಯಿಂದ ಬಿಟ್ಟುಕೊಳ್ಳುವ ಹಾಗಿತ್ತು. ನಾನು ಒತ್ತಿದೆ, ಕತ್ತಲಾಯಿತು, ಮತ್ತೆ ಬೆಳಕು ಬರುವಷ್ಟರಲ್ಲಿ ಗುಳ್ಳೆ ಇಲ್ಲ, ನಿನ್ನ ಮುಖದ ಮೇಲೆ ಸಣ್ಣ ಹನಿಗಳು. ಹೋಯ್ತು ಅಂತ ನೀನು ಅತ್ತೆ. ರೀಲು ತೊಳೆಸಿದ ಮೇಲೆ ನೋಡಿದರೆ ಗುಳ್ಳೆ ಹಾಗೇ ಇದೆ, ಮೈತುಂಬ ಬಣ್ಣ. ಅದರಲ್ಲಿ ಕಿಟಕಿ ಎರಡು ಸಲ ಕಾಣುತ್ತದೆ, ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ. ಗುಳ್ಳೆಯ ಮುಂದಿನ ಮೈ ಉಬ್ಬುಗನ್ನಡಿಯ ಹಾಗೆ ನೆಟ್ಟಗೆ ತೋರಿಸುತ್ತದೆ, ಹಿಂದಿನ ಮೈ ಒಳಗಿನಿಂದ ತಗ್ಗುಗನ್ನಡಿಯಾಗಿ ತಲೆಕೆಳಗು ಮಾಡುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಕಿಟಕಿಗಳ ನಡುವೆ ಒಂದು ಕಪ್ಪು ಚುಕ್ಕೆ ಸಿಗುತ್ತದೆ. ಅದು ನಾನು. ನಿನ್ನ ಬಾಲ್ಯದ ಫೋಟೊಗಳಲ್ಲಿ ಅಮ್ಮ ಎಲ್ಲೂ ಇಲ್ಲ ಅಂತ ನೀನು ಹೇಳುತ್ತಿದ್ದೆ ಅಲ್ವಾ, ಇದರಲ್ಲಿ ಇದ್ದೇನೆ.

ಫೋಟೊಗ್ರಫಿ ಶುರುವಾದಾಗಿನಿಂದಲೂ ನೋಡುವುದಕ್ಕೂ ತೆಗೆಯುವುದಕ್ಕೂ ನಡುವೆ ಇಂಥ ಒಂದು ತೆರಪು ಇದ್ದೇ ಇತ್ತು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತಂದ ಮೊದಲ ಕೊಡ್ಯಾಕ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇರಲಿಲ್ಲ. ಅಂದಾಜಿನ ಮೇಲೆ ಗುರಿ ಹಿಡಿದು ತೆಗೆಯಬೇಕು. 100 ಫೋಟೊ ಆದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. ಇನ್ನು ಕನ್ನಡಿ ಇರುವ ಹಳೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕ್ಲಿಕ್ ಆದ ಮೇಲೂ ಕತ್ತಲಾಗೇ ಇರುತ್ತಿದ್ದವು, ಕನ್ನಡಿಯನ್ನು ನಾವೇ ಕೆಳಗಿಳಿಸಬೇಕಿತ್ತು. ಪೆಂಟ್ಯಾಕ್ಸ್ ಮಾಡಿದ ಕಂಪನಿಯೇ 1954ರಲ್ಲಿ ಅಸಾಹಿಫ್ಲೆಕ್ಸ್ ಅನ್ನುವ ಕ್ಯಾಮೆರಾದಲ್ಲಿ ಕನ್ನಡಿ ತಾನಾಗೇ ಕೂಡಲೇ ಕೆಳಗಿಳಿಯುವ ಹಾಗೆ ಮಾಡಿತು. ಪಕ್ಕದಲ್ಲಿ ಬೇರೆ ಕಿಂಡಿ ಇರುವ ಸಣ್ಣ ಕ್ಯಾಮೆರಾಗಳಲ್ಲಿ ಈ ಕತ್ತಲು ಇಲ್ಲ, ಅದೂ ನಿಜ. ಆದರೆ ಅವುಗಳಲ್ಲಿ ಕಾಣುವುದು ಕಿಂಡಿಯ ನೋಟ, ಲೆನ್ಸಿನದಲ್ಲ.

ರೀಲು ತೊಳೆಸುವ ತನಕ ಆ ಚಿತ್ರ ಎಲ್ಲಿರುತ್ತದೆ ಅಂತ ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಆಗ ನಾನು ಹೇಳಿದ್ದು ನಿನಗೆ ಅರ್ಥ ಆಗಿರಲಿಕ್ಕಿಲ್ಲ, ಈಗ ಹೇಳುತ್ತೇನೆ. ಫಿಲ್ಮಿನ ಮೇಲೆ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ನಾಲ್ಕಾರು ಪರಮಾಣುಗಳು ಒಂದೆಡೆ ಸೇರುತ್ತವೆ, ಅಷ್ಟೇ. ಕಣ್ಣಿಗೆ ಏನೂ ಕಾಣುವುದಿಲ್ಲ. ಡೆವಲಪರ್ ದ್ರಾವಣ ಅಂಥ ಹರಳುಗಳನ್ನು ಹುಡುಕಿ ಇಡೀ ಹರಳನ್ನೇ ಬೆಳ್ಳಿ ಮಾಡುತ್ತದೆ. ಬೆಳಕು ಬೀಳದ ಹರಳುಗಳನ್ನು ಹೈಪೊ ಅನ್ನುವ ಇನ್ನೊಂದು ದ್ರಾವಣ ಕರಗಿಸಿ ತೆಗೆಯುತ್ತದೆ. ಹೈಪೊಗೆ ಆ ಗುಣ ಇದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು, ಫೋಟೊ ಅನ್ನುವುದು ಹುಟ್ಟುವ ಮೊದಲೇ. ಕಲರ್ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿಯನ್ನೂ ತೆಗೆದುಬಿಡುತ್ತಾರೆ, ಉಳಿಯುವುದು ಬಣ್ಣ ಮಾತ್ರ. ಅಜ್ಜಿಯ ಫೋಟೊ ಕಪ್ಪು ಬಿಳುಪಿನದು. ಅಂದರೆ ಆ ನೆಗೆಟಿವ್‌ನಲ್ಲಿ ಅವಳ ನಗು ನಿಜವಾದ ಬೆಳ್ಳಿಯಲ್ಲಿದೆ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹೀಗಾಗಿ ಪ್ರಿಂಟ್ ಬರುವ ದಿನ ಮನೆಯಲ್ಲಿ ಎಲ್ಲರೂ ಸಮಾನರು. ತೆಗೆದವಳು ನಾನಾದರೂ ನನಗೆ ಜಾಸ್ತಿ ಏನೂ ಗೊತ್ತಿರುತ್ತಿರಲಿಲ್ಲ. ಲಕೋಟೆ ಬಿಚ್ಚಿದಾಗ ನಿನ್ನಷ್ಟೇ ಹೊಸದಾಗಿ ನಾನೂ ನೋಡುತ್ತಿದ್ದೆ. ರೀಲಿನಲ್ಲಿ 36 ಚಿತ್ರ ಮಾತ್ರ, ಅದಕ್ಕೇ ಒಂದೊಂದಕ್ಕೂ ಬೆಲೆ ಇತ್ತು ಅಂತ ನನ್ನ ವಯಸ್ಸಿನವರು ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಇದು, ತೆಗೆದವರಿಗೂ ಅದು ಹೊಸ ನೋಟವಾಗಿತ್ತು.

ಫೋನಿನ ಕ್ಯಾಮೆರಾವನ್ನು ನಾನು ತಳ್ಳಿಹಾಕುವುದಿಲ್ಲ. ನೀನು ಕಳಿಸುವ ಫೋಟೊಗಳು ನನಗೆ ಬೇಕೇ ಬೇಕು. ಅದರಲ್ಲಿ ಕನ್ನಡಿ ಇಲ್ಲ, ಕತ್ತಲೂ ಇಲ್ಲ. ಐಫೋನಿನಲ್ಲಿ 2015ರಲ್ಲಿ ಬಂದ ಲೈವ್ ಫೋಟೊ ಅಂತೂ ನೀನು ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಂದಿನದನ್ನೂ, ಒಂದೂವರೆ ಸೆಕೆಂಡ್ ಮುಂದಿನದನ್ನೂ ಹಿಡಿದಿಡುತ್ತದೆ. ಆಮೇಲೆ ಕೂತು ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಈ ಕ್ಯಾಮೆರಾದಲ್ಲಿ ಮೊದಲೇ ಊಹಿಸಬೇಕು. ನಗು ಬಂದ ಮೇಲೆ ಒತ್ತಿದರೆ ತಡವಾಗಿರುತ್ತದೆ. ನಗು ಬರುತ್ತದೆ ಅಂತ ಗೊತ್ತಾದಾಗ ಒತ್ತಬೇಕು. ಅದು ಗೊತ್ತಾಗಬೇಕಾದರೆ ಎದುರಿಗಿರುವವರನ್ನು ತುಂಬ ಹೊತ್ತು ಗಮನಿಸಿರಬೇಕು. ಹಾಗೆ ಗಮನಿಸುವುದನ್ನು ನನಗೆ ಕಲಿಸಿದ್ದು ಇದೇ ಕ್ಯಾಮೆರಾ, ಬೇರೆ ಯಾರೂ ಅಲ್ಲ. ನಿನಗೆ ಜ್ವರ ಬರುವ ಹಿಂದಿನ ದಿನವೇ ನಿನ್ನ ಕಣ್ಣು ನೋಡಿ ನನಗೆ ಗೊತ್ತಾಗುತ್ತಿತ್ತು. ಅದರಲ್ಲಿ ಇದರದ್ದೂ ಒಂದು ಪಾಲಿದೆ ಅಂತ ನಾನು ನಂಬುತ್ತೇನೆ.

ಇನ್ನು ಬಳಸುವ ಕ್ರಮ. ಆನ್ ಆಫ್ ಸ್ವಿಚ್ ಹುಡುಕಬೇಡ, ಇಲ್ಲ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಲೆನ್ಸಿಗೆ ಮುಚ್ಚಳ ಹಾಕಿಡು, ಇಲ್ಲದಿದ್ದರೆ ಮೀಟರ್ ಸುಮ್ನೆ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಬ್ಯಾಟರಿ ಸತ್ತರೂ ಕ್ಯಾಮೆರಾ ನಿಲ್ಲುವುದಿಲ್ಲ, ಶಟರ್ ಪೂರ್ತಿ ಸ್ಪ್ರಿಂಗಿನ ಮೇಲೆ ನಡೆಯುತ್ತದೆ. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದಾಗ ಬಲಗಡೆ ಒಂದು ಮುಳ್ಳು ಕಾಣುತ್ತದೆ. ಅದು ನಡುವೆ ನಿಲ್ಲುವ ಹಾಗೆ ಶಟರಿನ ವೇಗದ ಗುಂಡಿಯನ್ನೋ, ಬೆಳಕಿನ ತೂತನ್ನು ಹಿಗ್ಗಿಸಿ ಕುಗ್ಗಿಸುವ ಲೆನ್ಸಿನ ಉಂಗುರವನ್ನೋ ತಿರುಗಿಸು. ಮೀಟರ್ ಇಲ್ಲದಿದ್ದರೂ ಲೆಕ್ಕ ಸುಲಭ. ಒಳ್ಳೆಯ ಬಿಸಿಲಿನಲ್ಲಿ ಆ ಉಂಗುರವನ್ನು ಎಫ್ 16ಕ್ಕೆ ಇಟ್ಟು, ಫಿಲ್ಮಿನ ಐಎಸ್‌ಒ, ಅಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಅಂಕಿ, ಎಷ್ಟೋ ಅದಕ್ಕೆ ಹತ್ತಿರದ ಶಟರ್ ಇಡಬೇಕು. 400ರ ಫಿಲ್ಮ್ ಆದರೆ 500, ಅಂದರೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗ. ನೆರಳಿಗೆ ಹೋದ ಹಾಗೆ ಲೆನ್ಸ್ ತೆರೆಯುತ್ತಾ ಬಾ. ಶಟರ್ 60ಕ್ಕಿಂತ ಕೆಳಗಿಳಿದರೆ ಕೈ ಅಲುಗಿದ್ದು ಫೋಟೊದಲ್ಲಿ ಕಾಣುತ್ತದೆ, ಗೋಡೆಗೆ ಒರಗಿಕೋ.

ರೀಲು ಹಾಕಿದ ಮೇಲೆ ಲಿವರ್ ಎಳೆಯುವಾಗ ಎಡಗಡೆಯ ಗುಬಟಿನ ಮೇಲೆ ಕಣ್ಣಿಡು. ಅದು ತಾನೂ ತಿರುಗುತ್ತಿದ್ದರೆ ರೀಲು ಸರಿಯಾಗಿ ಸಿಕ್ಕಿಕೊಂಡಿದೆ ಅಂತ ಅರ್ಥ. ಮುಗಿದ ಮೇಲೆ ತಳದ ಸಣ್ಣ ಬಟನ್ ಒತ್ತಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಿಂಬದಿ ತೆರೆ. ಹಿಂಬದಿಯ ಅಂಚಿನ ಸ್ಪಂಜು ಹಳೆಯದಾಗಿ ಅಂಟಂಟಾಗಿತ್ತು, ಈ ವಯಸ್ಸಿನ ಹೆಚ್ಚಿನ ಕ್ಯಾಮೆರಾಗಳಿಗೆ ಹಾಗಾಗುತ್ತದೆ. ಬೆಳಕು ನುಗ್ಗಬಾರದು ಅಂತ ಹೊಸದು ಹಾಕಿಸಿದ್ದೇನೆ.

ಮೊದಲ ರೀಲಿನಲ್ಲಿ ಹೂವು, ಮೋಡ, ಕಟ್ಟಡ ತೆಗೆಯಬೇಡ. ಅವು ಎಲ್ಲಿಗೂ ಹೋಗುವುದಿಲ್ಲ. ನಿನ್ನ ಜೊತೆ ಇರುವವರನ್ನು ತೆಗೆ, ಮಾತಾಡುವಾಗ, ಜಗಳ ಆಡುವಾಗ, ಏನೋ ಹುಡುಕುವಾಗ. ತೊಳೆಸಿದ ಮೇಲೆ ನೆಗೆಟಿವ್ ವಾಪಸ್ ಕೇಳಿ ತಗೋ, ಬರೀ ಸ್ಕ್ಯಾನ್ ಸಾಕು ಅನ್ನಬೇಡ. ಅಂಚು ಹಿಡಿದು ಎತ್ತು, ಒಣಗಿದ ಜಾಗದಲ್ಲಿಡು. ಅಜ್ಜಿಯದೂ ಗುಳ್ಳೆಯದೂ ನೆಗೆಟಿವ್‌ಗಳು ಲೆನ್ಸ್ ಸುತ್ತಿದ ಬಟ್ಟೆಯ ಕೆಳಗೆ ಬೇರೆ ಲಕೋಟೆಯಲ್ಲಿವೆ.

ನಿನ್ನ ಪ್ರಿಂಟ್ ಬಂದ ದಿನ ಲಕೋಟೆ ಬಿಚ್ಚದೆ ನನಗೆ ಫೋನ್ ಮಾಡು. ನಾನೇ ಬರುತ್ತೇನೆ, ಇಬ್ಬರೂ ಕೂತು ಒಟ್ಟಿಗೇ ನೋಡೋಣ.

ನಿನ್ನ ಪ್ರೀತಿಯ,
ಅಮ್ಮ